ಹಿತ್ತಲಿಗೊಂದು ನೆರಳಿನ ಚಪ್ಪರ

ನಾಲ್ಕು ಕಂಬ, ಕಂಬದ ಮೇಲೆ ತೊಲೆ, ತೊಲೆಗೆ ಅಡ್ಡವಾಗಿ ಜಂತೆ, ಜಂತೆಯ ಮೇಲೆ ಸಾಲಾಗಿ ಪಟ್ಟಿ ಅಥವಾ ಗಳ. ಹಿತ್ತಲಿನ ಚಪ್ಪರಕ್ಕೆ ಇಷ್ಟೇ ಅಂಗಗಳು. ಗೋಡೆ ಇಲ್ಲ, ಬಾಗಿಲಿಲ್ಲ. ಮಾಡು ಇದ್ದರೂ ಅದು ಮಳೆ ತಡೆಯುವ ಮಾಡಲ್ಲ. ಬಿಸಿಲನ್ನು ಸೋಸುವುದು, ಗಾಳಿಯನ್ನು ಆಡಗೊಡುವುದು, ಬಳ್ಳಿಗೆ ಆಸರೆಯಾಗುವುದು ಅದರ ಕೆಲಸ. ಮಳೆಗೂ ಆಗಲಿ ಎಂದು ಮೇಲೆ ತಗಡು ಹೊದೆಸಿದರೆ ಚಪ್ಪರದ ಗುಣವೇ ಹೋಗುತ್ತದೆ. ಕಾದ ತಗಡು ಮಧ್ಯಾಹ್ನವೆಲ್ಲ ಕೆಳಗೆ ಕೂತವರ ನೆತ್ತಿಯ ಮೇಲೆ ಶಾಖ ಸುರಿಸುತ್ತದೆ. ಏಪ್ರಿಲ್–ಮೇ ತಿಂಗಳ ಬಿರುಗಾಳಿ ಅದರ ಅಡಿಗೆ ನುಗ್ಗಿ ಕಂಬಸಮೇತ ಎತ್ತಲು ನೋಡುತ್ತದೆ.

ಚಪ್ಪರ ಹಾಕುವ ವಿದ್ಯೆ ಕರ್ನಾಟಕಕ್ಕೆ ಹೊಸದೇನಲ್ಲ. ಸಾಗರ, ಶಿರಸಿ ಸೀಮೆಯ ಅಡಿಕೆ ಬೆಳೆಗಾರರ ಅಂಗಳದಲ್ಲಿ ಕೊಯ್ಲಿನ ಹೊತ್ತಿಗೆ ಏಳೆಂಟು ಅಡಿ ಎತ್ತರದ ಚಪ್ಪರ ಏಳುತ್ತದೆ. ಮೇಲೆ ಬೇಯಿಸಿದ ಅಡಿಕೆ ಒಣಗುತ್ತಿರುತ್ತದೆ, ಕೆಳಗಿನ ನೆರಳಿನಲ್ಲಿ ಜನ ಕೂತು ಕೆಲಸ ಮಾಡುತ್ತಿರುತ್ತಾರೆ. ಒಂದೇ ಕಟ್ಟಡದಿಂದ ಬಿಸಿಲನ್ನೂ ನೆರಳನ್ನೂ ದುಡಿಸಿಕೊಳ್ಳುವ ಜಾಣತನ ಅದು. ಕರಾವಳಿಯ ಹಿತ್ತಲಲ್ಲಿ ಬಾವಿಕಟ್ಟೆಯ ನೀರು ಹರಿದುಹೋಗುವ ಕಡೆ ಬಸಳೆ ಚಪ್ಪರವಿರುತ್ತದೆ. ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆ ಕಲ್ಲುಕಂಬ ನೆಟ್ಟು ತಂತಿ ಬಿಗಿದ ದ್ರಾಕ್ಷಿ ಚಪ್ಪರಗಳು ಎಕರೆಗಟ್ಟಲೆ ಹಬ್ಬಿವೆ. ಮದುವೆಗೆ ಹಳೆ ಮೈಸೂರಿನವರು ನೇರಳೆ ಸೊಪ್ಪಿನ ಚಪ್ಪರ ಹಾಕಿದರೆ, ಧಾರವಾಡದ ಕಡೆಯವರು ಹಂದರ ಹಾಕುತ್ತಾರೆ. ಇವುಗಳಲ್ಲಿ ಹೆಚ್ಚಿನವು ಒಂದು ಋತುವಿನ ಕಟ್ಟಡಗಳು. ತುಳುನಾಡಿನಲ್ಲಿ ಮೇ ಕೊನೆಯ ಪತ್ತನಾಜೆಯ ಹೊತ್ತಿಗೆ ಅಂಗಳದ ಚಪ್ಪರ ಬಿಚ್ಚಿ, ಗಳಗಳನ್ನು ಕೊಟ್ಟಿಗೆಯ ಅಟ್ಟಕ್ಕೆ ಏರಿಸಿದರೆ ಮುಂದಿನ ದೀಪಾವಳಿಯ ತನಕ ಅದರ ಮಾತಿಲ್ಲ. ವರ್ಷವಿಡೀ ನಿಲ್ಲಬೇಕಾದ ಹಿತ್ತಲಿನ ಚಪ್ಪರಕ್ಕೆ ಈ ಅನುಕೂಲವಿಲ್ಲ. ಅದು ಮಳೆಯಲ್ಲೂ ನಿಂತಿರಬೇಕು, ಗೆದ್ದಲನ್ನೂ ತಾಳಿಕೊಳ್ಳಬೇಕು. ಕಟ್ಟುವ ಕ್ರಮ ಬದಲಾಗುವುದು ಇದರಿಂದ.

ಕಂಬ ನೆಡುವ ಮೊದಲು ಸೂರ್ಯನ ದಾರಿ ತಿಳಿದಿರಬೇಕು. ಹೊರದೇಶದ ಪುಸ್ತಕ ನೋಡಿ ಕಟ್ಟಿದ ಚಪ್ಪರಗಳು ನಮ್ಮಲ್ಲಿ ಸೋಲುವುದು ಹೆಚ್ಚಾಗಿ ಇಲ್ಲೇ. ಯುರೋಪು, ಅಮೆರಿಕಗಳಲ್ಲಿ ನಡುಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಅಲ್ಲಿ ಪಟ್ಟಿಗಳನ್ನು ಪೂರ್ವ–ಪಶ್ಚಿಮವಾಗಿ ಹಾಸಿದರೆ ಒಂದೊಂದು ಪಟ್ಟಿಯೂ ಬಿಸಿಲಿಗೆ ಅಡ್ಡ ನಿಲ್ಲುತ್ತದೆ. ಕರ್ನಾಟಕವಿರುವುದು ಸುಮಾರು ಹನ್ನೊಂದೂವರೆಯಿಂದ ಹದಿನೆಂಟೂವರೆ ಡಿಗ್ರಿ ಉತ್ತರ ಅಕ್ಷಾಂಶದ ನಡುವೆ. ಇಲ್ಲಿನ ಪ್ರತಿ ಊರಿನಲ್ಲೂ ವರ್ಷಕ್ಕೆ ಎರಡು ಸಲ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ. ಬೆಂಗಳೂರಿನಲ್ಲಿ ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ನೆಟ್ಟಗೆ ನಿಂತ ಕಂಬಕ್ಕೆ ನಡುಹಗಲಲ್ಲಿ ನೆರಳೇ ಇರುವುದಿಲ್ಲ. ನೆರಳು ತೀರಾ ಬೇಕಾದ ಏಪ್ರಿಲ್‌ನಲ್ಲಿ ಸೂರ್ಯ ಪೂರ್ವದಲ್ಲಿ ಹುಟ್ಟಿ, ನೆತ್ತಿಯ ಮೇಲೆ ಹಾದು, ಪಶ್ಚಿಮಕ್ಕೆ ಇಳಿಯುತ್ತಾನೆ. ಪಟ್ಟಿಗಳೂ ಅದೇ ದಿಕ್ಕಿಗೆ ಮಲಗಿದ್ದರೆ ಬಿಸಿಲು ಸಂದಿಯ ಉದ್ದಕ್ಕೂ ದಿನವಿಡೀ ಇಳಿಯುತ್ತಲೇ ಇರುತ್ತದೆ. ಆದ್ದರಿಂದ ನಮ್ಮಲ್ಲಿ ಮೇಲಿನ ಪಟ್ಟಿಗಳು ಉತ್ತರ–ದಕ್ಷಿಣವಾಗಿರಬೇಕು.

ಪಟ್ಟಿಯನ್ನು ಚಪ್ಪಟೆಯಾಗಿ ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿದರೆ ಇನ್ನೊಂದು ಲಾಭವಿದೆ. ಒಂದು ಇಂಚು ದಪ್ಪ, ಮೂರು ಇಂಚು ಅಗಲದ ಪಟ್ಟಿಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಎರಡರ ನಡುವೆ ಮೂರು ಇಂಚು ಸಂದಿ ಬಿಟ್ಟರೆ, ಸೂರ್ಯ 45 ಡಿಗ್ರಿಗಿಂತ ಕೆಳಗಿಳಿದ ಕೂಡಲೇ ಸಂದಿಯಿಂದ ನೇರ ಬಿಸಿಲು ಬೀಳುವುದು ನಿಲ್ಲುತ್ತದೆ. ಬೇಸಗೆಯ ಬೆಂಗಳೂರಿನಲ್ಲಿ ಇದು ಮೂರೂವರೆಗೆ ಸ್ವಲ್ಪ ಮೊದಲು. ಸಂದಿ ಎರಡು ಇಂಚಾದರೆ ಇನ್ನೂ ಬೇಗ. ನಡುಹಗಲ ಲೆಕ್ಕ ಮಾತ್ರ ಬೇರೆ. ಆಗ ಈ ಪಟ್ಟಿಗಳು ತಡೆಯುವುದು ಬಿಸಿಲಿನ ಕಾಲುಪಾಲನ್ನು ಮಾತ್ರ. ನೇರ ಮೇಲಿನಿಂದ ಬರುವ ಬೆಳಕಿಗೆ ಪಟ್ಟಿಯ ಆಳ ಲೆಕ್ಕಕ್ಕಿಲ್ಲ, ದಪ್ಪವೊಂದೇ ಲೆಕ್ಕ. ಬರೀ ಪಟ್ಟಿಯಿಂದ ನಮ್ಮ ಹನ್ನೆರಡು ಗಂಟೆಯ ಬಿಸಿಲನ್ನು ತಡೆಯುತ್ತೇನೆ ಎಂದು ಹೊರಟವರು ಕೊನೆಗೆ ಪಟ್ಟಿಗೆ ಪಟ್ಟಿ ಕೂಡಿಸಿ ಮುಚ್ಚಿಯೇಬಿಡುತ್ತಾರೆ. ಅದರ ಬದಲು ಪಟ್ಟಿಯ ಮೇಲೆ ಸೋಗೆಯನ್ನೋ ಬಳ್ಳಿಯನ್ನೋ ಎರಡನೆಯ ಪದರವಾಗಿ ನಂಬುವುದು ಮೇಲು.

ಜಾಗ ಆರಿಸುವಾಗಲೂ ಇದೇ ಸೂರ್ಯನನ್ನು ಕೇಳಬೇಕು. ಎಂಟು ಅಡಿ ಎತ್ತರದ ಚಪ್ಪರದ ನೆರಳು ಮಧ್ಯಾಹ್ನ ಅದರ ಬುಡದಲ್ಲೇ ಬೀಳುತ್ತದೆ. ಸಂಜೆ ನಾಲ್ಕಕ್ಕೆ ಅದೇ ನೆರಳು ಸುಮಾರು ಹನ್ನೊಂದು ಅಡಿ ಪೂರ್ವಕ್ಕೆ ಸರಿದಿರುತ್ತದೆ. ಹನ್ನೆರಡು ಅಡಿ ಅಗಲದ ಚಪ್ಪರವಾದರೆ ಕೆಳಗಿನ ಕುರ್ಚಿಗಳು ಬಹುಪಾಲು ಬಿಸಿಲಿನಲ್ಲಿ, ನೆರಳು ಪಕ್ಕದ ಗುಲಾಬಿ ಗಿಡಗಳ ಮೇಲೆ! ಸಂಜೆ ಚಹಾ ಕುಡಿಯಲು ಕೂರುವ ಜಾಗ ಗೊತ್ತಿದ್ದರೆ ಚಪ್ಪರವನ್ನು ಅದರಿಂದ ಕೆಲವು ಅಡಿ ಪಶ್ಚಿಮಕ್ಕೆ ಸರಿಸಿ ಕಟ್ಟಬಹುದು. ಅಷ್ಟು ಜಾಗವಿಲ್ಲದಿದ್ದರೆ ಪಶ್ಚಿಮದ ಎರಡು ಕಂಬಗಳ ನಡುವೆ ಬಿದಿರ ತಟ್ಟಿ ಇಳಿಬಿಡಬೇಕು, ಇಲ್ಲವೇ ಆ ಬದಿಗೆ ಬಳ್ಳಿ ಹಬ್ಬಿಸಬೇಕು. ಮನೆಯ ಪೂರ್ವಕ್ಕೆ ಹಿತ್ತಲಿರುವವರು ಪುಣ್ಯವಂತರು. ಮನೆಯೇ ಸಂಜೆಯ ಬಿಸಿಲಿಗೆ ಅಡ್ಡವಾಗುತ್ತದೆ.

ಚಪ್ಪರವನ್ನು ಮನೆಯ ಗೋಡೆಗೆ ತಾಗಿಸಿ, ಒಂದು ಬದಿಯ ತೊಲೆಯನ್ನು ಗೋಡೆಗೇ ಬಿಗಿದು ಎರಡು ಕಂಬ ಉಳಿಸುವ ಪದ್ಧತಿ ಇದೆ. ಹಂಚಿನ ಮನೆಗೆ ಇದು ಆಗದು. ಗೆದ್ದಲು ಕಂಬ ಹತ್ತಿ ಮನೆಯ ಪಕಾಸಿಗೆ ದಾಟುತ್ತದೆ, ಇಲಿಗೆ ಬಳ್ಳಿಯೇ ಏಣಿಯಾಗುತ್ತದೆ, ಇಲಿಯ ಹಿಂದೆ ಹಾವೂ ಬಂದೀತು. ಒಂದಡಿ ಬಿಟ್ಟು ಸ್ವತಂತ್ರವಾಗಿ ನಿಲ್ಲಿಸಿದರೆ ಎರಡು ಕಂಬದ ಖರ್ಚು ಹೆಚ್ಚು, ತಲೆನೋವು ಕಡಿಮೆ.

ಸಾಮಗ್ರಿಯಲ್ಲಿ ಎಲ್ಲಕ್ಕಿಂತ ಅಗ್ಗವಾದದ್ದು ಅಡಿಕೆ ಮರ, ಅದೂ ತೋಟದ ನಾಡಿನಲ್ಲಿ. ಮುದಿ ಮರವನ್ನು ಉದ್ದಕ್ಕೆ ಸೀಳಿ, ಒಳಗಿನ ಮೆದು ತಿರುಳನ್ನು ಕೆತ್ತಿ ತೆಗೆದರೆ ದಬ್ಬೆ ಸಿಗುತ್ತದೆ. ಮೇಲುಹೊದಿಕೆಗೆ ಅದರಷ್ಟು ಒಳ್ಳೆಯ ಪಟ್ಟಿ ಇನ್ನೊಂದಿಲ್ಲ. ಆದರೆ ಇಡೀ ಮರವನ್ನು ಕಂಬವಾಗಿ ನೆಲದಲ್ಲಿ ಹೂತರೆ ತಿರುಳು ನೀರು ಕುಡಿದು ಬುಡ ಬೇಗ ಲಡ್ಡಾಗುತ್ತದೆ. ಒಂದು ಬೇಸಗೆಯ ಚಪ್ಪರಕ್ಕೆ ಸಾಕು, ಕಾಯಂ ಚಪ್ಪರಕ್ಕೆ ಸಾಲದು.

ಬಿದಿರಿನ ಗುಣ ಅದನ್ನು ಕಡಿದ ಕಾಲದ ಮೇಲೆ ನಿಂತಿದೆ. ಮೂರು ವರ್ಷ ತುಂಬದ ಎಳೆ ಬಿದಿರಿನಲ್ಲಿ ಪಿಷ್ಟ, ನೀರು ಎರಡೂ ಹೆಚ್ಚು. ಒಣಗುವಾಗ ಸುಕ್ಕುಗಟ್ಟಿ ಸೀಳುತ್ತದೆ. ಪಿಷ್ಟಕ್ಕಾಗಿಯೇ ಕುಟ್ಟೆಹುಳು ಬರುವುದು. ಗಳದ ಕೆಳಗೆ ಹಿಟ್ಟಿನಂಥ ಹಳದಿ ಪುಡಿ ಉದುರಿದ್ದರೆ ಒಳಗೆ ಕುಟ್ಟೆ ಕೆಲಸ ಶುರುಮಾಡಿದೆ ಎಂದು ಅರ್ಥ. ಮಳೆಗಾಲದಲ್ಲಿ ಹೊಸ ಕಳಲೆ ಬೆಳೆಯುವ ಹೊತ್ತಿಗೆ ಕಡಿಯದೆ, ಚಳಿಗಾಲದಲ್ಲಿ ಕಡಿದು, ಕೆರೆ ಅಥವಾ ಹಳ್ಳದ ನೀರಿನಲ್ಲಿ ಕೆಲವು ವಾರ ಮುಳುಗಿಸಿಟ್ಟರೆ ಪಿಷ್ಟ ಕರಗಿ ಹೋಗುತ್ತದೆ. ಆ ಬಿದಿರನ್ನು ತೆಗೆದಾಗ ನಾರುವ ವಾಸನೆ ಸಹಿಸಲಾಗದು, ಒಣಗಿದ ಮೇಲೆ ಹೋಗುತ್ತದೆ. ಬೋರಾಕ್ಸ್ ಮತ್ತು ಬೋರಿಕ್ ಆಮ್ಲ ಬೆರೆಸಿದ ನೀರಿನಲ್ಲಿ ನೆನೆಸುವ ಕ್ರಮವೂ ಇದೆ. ಆದರೆ ಈ ಲವಣಗಳು ಮಳೆನೀರಿಗೆ ತೊಳೆದುಹೋಗುವುದರಿಂದ ಮೇಲೆ ಎಣ್ಣೆಯನ್ನೋ ವಾರ್ನಿಷನ್ನೋ ಬಳಿಯಲೇಬೇಕು. ಕಂಬಕ್ಕೆ ಗಿಣ್ಣು ಹತ್ತಿರವಿರುವ, ಒಳಗೆ ಹೆಚ್ಚುಕಡಿಮೆ ತುಂಬಿಕೊಂಡಿರುವ ಗಂಡುಬಿದಿರು ಒಳ್ಳೆಯದು. ಜಂತೆಗೆ ಹೆಬ್ಬಿದಿರು ಆದೀತು. ಮೊಳೆಯನ್ನು ಬಿದಿರಿಗೆ ನೇರವಾಗಿ ಹೊಡೆದರೆ ಗಳ ಉದ್ದಕ್ಕೆ ಸೀಳುತ್ತದೆ. ಮೊದಲು ತೂತು ಕೊರೆದು ಬೋಲ್ಟ್ ಹಾಕಬೇಕು, ಇಲ್ಲವೇ ತೆಂಗಿನ ನಾರಿನ ಹಗ್ಗವನ್ನು ನೀರಲ್ಲಿ ನೆನೆಸಿ ಮೆದು ಮಾಡಿಕೊಂಡು ಬಿಗಿಯಬೇಕು. ಗಳದ ಮೇಲುತುದಿಯನ್ನು ಗಿಣ್ಣಿನ ಸ್ವಲ್ಪ ಮೇಲಕ್ಕೆ ಕತ್ತರಿಸಿದರೆ ಕೊಳವೆಯೊಳಗೆ ಮಳೆನೀರು ನಿಲ್ಲುವುದಿಲ್ಲ. ಈ ಸಣ್ಣ ಸಂಗತಿಯನ್ನು ಮರೆತ ಚಪ್ಪರಗಳ ಕಂಬಗಳಲ್ಲಿ ಸೊಳ್ಳೆ ಮರಿ ಮಾಡುತ್ತದೆ.

ಬಯಲುಸೀಮೆಯಲ್ಲಿ ಕಂಬಕ್ಕೆ ಕಲ್ಲೇ ಸರಿ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬೇಲಿಗೆ ನೆಡುವ ಕಲ್ಲುಕೂಚಗಳಲ್ಲಿ ಉದ್ದವಾದವನ್ನು ಆರಿಸಿದರೆ ಗೆದ್ದಲಿನ ಚಿಂತೆಯೂ ಇಲ್ಲ, ಬಣ್ಣದ ಖರ್ಚೂ ಇಲ್ಲ. ಕಲ್ಲು ಮೇಲಿನ ಭಾರ ಎಷ್ಟಾದರೂ ಹೊರುತ್ತದೆ, ಅಡ್ಡ ಎಳೆತ ಮಾತ್ರ ತಾಳದು. ದ್ರಾಕ್ಷಿ ತೋಟದಲ್ಲಿ ಅಂಚಿನ ಕಂಬಗಳನ್ನು ಹೊರಕ್ಕೆ ವಾಲಿಸಿ ನೆಟ್ಟು, ತಂತಿಯಿಂದ ನೆಲಕ್ಕೆ ಬಿಗಿಯುವುದು ಇದೇ ಕಾರಣಕ್ಕೆ. ತಂತಿಯ ಚಪ್ಪರ ಮಾಡುವವರು ಈ ಆಸರೆಯನ್ನು ಬಿಡಬಾರದು. ಕರಾವಳಿಯಲ್ಲಿ ಕಲ್ಲುಕಂಬದ ಜಾಗಕ್ಕೆ ಮುರಕಲ್ಲಿನ ಕಟ್ಟುಗಂಬ ಬರುತ್ತದೆ.

ಮರದ್ದೇ ಬೇಕೆಂದರೆ ತೇಗ, ಹಲಸಿನ ಕೆಚ್ಚು ಉತ್ತಮ, ಬೆಲೆಯೂ ಹಾಗೆಯೇ. ಅಕೇಶಿಯಾ ಮಲೆನಾಡಿನಲ್ಲಿ ಸುಲಭವಾಗಿ ಸಿಗುತ್ತದೆ, ಕೆಚ್ಚು ಗಟ್ಟಿ. ಕಾಫಿ ತೋಟದ ಸಿಲ್ವರ್ ಓಕ್ ನೋಡಲು ನೇರ, ಹೊರಗಿನ ಮಳೆಗೆ ಅಷ್ಟೇನೂ ಬಾಳದು. ಯಾವ ಮರವಾದರೂ ಬಿಳಿಭಾಗವನ್ನು ಗೆದ್ದಲು ಮೊದಲು ತಿನ್ನುತ್ತದೆ. ಪೇಟೆಗಳಲ್ಲಿ ಕಬ್ಬಿಣದ ಪೈಪು ಬೆಸೆದು ನಿಲ್ಲಿಸುವುದು ಹೆಚ್ಚುತ್ತಿದೆ. ಬಾಳಿಕೆ ಚೆನ್ನಾಗಿದೆ, ಎಳೆ ಬಳ್ಳಿಯ ಕುಡಿ ಕಾದ ಪೈಪಿಗೆ ತಾಗಿ ಸುಡುವುದೊಂದು ತೊಂದರೆ.

ಉದಾಹರಣೆಗೆ ಹನ್ನೆರಡು ಅಡಿಗೆ ಹತ್ತು ಅಡಿಯ ಮರದ ಚಪ್ಪರವನ್ನು ತೆಗೆದುಕೊಳ್ಳಬಹುದು. ಕಂಬಗಳು ಪೂರ್ವ–ಪಶ್ಚಿಮವಾಗಿ ಹತ್ತು ಅಡಿ, ಉತ್ತರ–ದಕ್ಷಿಣವಾಗಿ ಎಂಟು ಅಡಿ ಅಂತರದಲ್ಲಿ ನಿಲ್ಲುತ್ತವೆ. ಮಾಡು ನಾಲ್ಕೂ ಬದಿಗೆ ಒಂದೊಂದು ಅಡಿ ಹೊರಚಾಚುತ್ತದೆ. ನಾಲ್ಕು ಗೂಟ ಹೊಡೆದು ದಾರ ಕಟ್ಟಿ, ಮೂಲೆಯಿಂದ ಮೂಲೆಗೆ ಅಳೆಯಬೇಕು. ಎರಡು ಕರ್ಣಗಳೂ ಸುಮಾರು 12 ಅಡಿ 9¾ ಇಂಚು ಬಂದರೆ ಚೌಕ ಸರಿಯಾಗಿದೆ. ಒಂದು ಹೆಚ್ಚು, ಇನ್ನೊಂದು ಕಡಿಮೆ ಬಂದರೆ ಗೂಟ ಸರಿಸಬೇಕು. ಮೂಲೆಮಟ್ಟ ಹಿಡಿದು ನೋಡುವುದಕ್ಕಿಂತ ಈ ಅಳತೆ ನಂಬಿಕಸ್ಥ. ಇಲ್ಲಿ ಒಂದು ಇಂಚು ತಪ್ಪಿದರೆ ಮೇಲೆ ಪಟ್ಟಿ ಹಾಸುವ ಹೊತ್ತಿಗೆ ಕೊನೆಯ ಸಂದಿ ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದಾಗಿ ಕಣ್ಣಿಗೆ ಹೊಡೆಯುತ್ತದೆ.

ಚಪ್ಪರದ ಆಯುಷ್ಯ ನಿಂತಿರುವುದು ಕಂಬದ ಬುಡದಲ್ಲಿ. ಮರ ಲಡ್ಡಾಗುವುದು ನೆಲದಾಳದಲ್ಲೂ ಅಲ್ಲ, ನೆಲದಿಂದ ಮೇಲಕ್ಕೂ ಅಲ್ಲ. ಮಣ್ಣೂ ಗಾಳಿಯೂ ಕೂಡುವ ಅಂಗೈ ಅಗಲದ ಆ ಪಟ್ಟೆಯಲ್ಲಿ. ತೇವ, ಗಾಳಿ, ಶಿಲೀಂಧ್ರ, ಗೆದ್ದಲು ಎಲ್ಲವೂ ಅಲ್ಲೇ ಸೇರುತ್ತವೆ. ಹಳಬರು ಕಂಬದ ಬುಡವನ್ನು ಬೆಂಕಿಯಲ್ಲಿ ಕರಿಕಾಗುವಂತೆ ಸುಟ್ಟು, ಡಾಂಬರು ಅಥವಾ ಗೇರೆಣ್ಣೆ ಬಳಿದು ಹೂಳುತ್ತಿದ್ದರು. ಇದರಿಂದ ಕೆಲವು ವರ್ಷ ಹೆಚ್ಚು ಸಿಗುತ್ತದೆ. ಇದಕ್ಕಿಂತ ಒಳ್ಳೆಯ ಉಪಾಯವೆಂದರೆ ಮರವನ್ನು ನೆಲಕ್ಕೆ ತಾಗಿಸದಿರುವುದು. ಒಂದಡಿ ಚೌಕ, ಎರಡೂವರೆ ಅಡಿ ಆಳದ ಗುಂಡಿ ತೋಡಿ, ತಳಕ್ಕೆ ಆರು ಇಂಚು ಜಲ್ಲಿ ಹಾಕಿ ದಮ್ಮಸು ಮಾಡಿ, ಮೇಲೆ ಒಂದು ಪಾಲು ಸಿಮೆಂಟು, ಎರಡು ಪಾಲು ಮರಳು, ನಾಲ್ಕು ಪಾಲು ಜಲ್ಲಿಯ ಕಾಂಕ್ರೀಟು ತುಂಬಬೇಕು. ಕಂಬದ ಎರಡು ಮಗ್ಗುಲಿಗೆ ಬರುವಂತೆ ದಪ್ಪ ಕಬ್ಬಿಣದ ಪಟ್ಟಿಗಳನ್ನು ಹಸಿ ಕಾಂಕ್ರೀಟಿನಲ್ಲೇ ಆಳಕ್ಕೆ ಹೂತು, ಮರದ ಬುಡ ಕಾಂಕ್ರೀಟಿಗಿಂತ ಎರಡು ಇಂಚು ಮೇಲೆ ತೂಗುವಂತೆ ಬೋಲ್ಟ್ ಹಾಕಬೇಕು. ಆ ಎರಡು ಇಂಚಿನ ಬೆಳಕಂಡಿಯಲ್ಲಿ ಗಾಳಿ ಆಡುತ್ತದೆ. ಗೆದ್ದಲು ಹತ್ತಿದರೂ ಮಣ್ಣಿನ ಗೆರೆ ಕಬ್ಬಿಣದ ಮೇಲೆ ಎದ್ದು ಕಾಣುತ್ತದೆ, ಒಂದು ಕಡ್ಡಿಯಿಂದ ಕೆರೆದರಾಯಿತು. ಕಾಂಕ್ರೀಟಿನ ತಲೆಯನ್ನು ನೆಲದಿಂದ ಸ್ವಲ್ಪ ಎತ್ತರಿಸಿ, ನೀರು ನಾಲ್ಕು ಕಡೆಗೂ ಜಾರುವಂತೆ ಇಳಿಜಾರು ಮಾಡಿ, ಒಂದು ವಾರ ಗೋಣಿಚೀಲ ಹೊದೆಸಿ ನೀರುಣಿಸಬೇಕು. ಎರಡು ದಿನಕ್ಕೇ ಅವಸರ ಮಾಡಿ ತೊಲೆ ಏರಿಸಿದರೆ ಪಟ್ಟಿಗಳು ಸಡಿಲವಾಗಿ ಕಂಬ ಅಲ್ಲಾಡತೊಡಗುತ್ತದೆ. ಆಮೇಲೆ ಏನು ಬೆಣೆ ಹೊಡೆದರೂ ಅದು ನಿಲ್ಲುವುದಿಲ್ಲ.

ಕೆಂಪುಮಣ್ಣು, ಮುರಕಲ್ಲಿನ ನೆಲಕ್ಕೆ ಈ ಆಳ ಸಾಕು. ಉತ್ತರ ಕರ್ನಾಟಕದ ಎರೆಮಣ್ಣಿಗೆ ಸಾಲದು. ಮಳೆಗೆ ಉಬ್ಬಿ ಬೇಸಗೆಗೆ ಕೈತೂರುವಷ್ಟು ಬಿರಿಯುವ ಆ ನೆಲದಲ್ಲಿ ಮೇಲುಮೇಲೆ ನೆಟ್ಟ ಕಂಬ ವರ್ಷದೊಳಗೆ ವಾಲುತ್ತದೆ. ಎರೆಯ ಪದರ ತೆಳುವಾಗಿದ್ದರೆ ಕೆಳಗಿನ ಗರಸು ಸಿಗುವ ತನಕ ತೋಡಬೇಕು. ದಪ್ಪವಾಗಿದ್ದರೆ ಗುಂಡಿಯನ್ನು ಅಗಲ ಮಾಡಿ, ಕಾಂಕ್ರೀಟಿನ ಸುತ್ತ ಗರಸು ತುಂಬಿ ದಮ್ಮಸು ಮಾಡಬೇಕು.

ಮುಂದಿನದು ಬಡಗಿಯ ಕೆಲಸ, ಒಂದೆರಡು ದಿನದಲ್ಲಿ ಮುಗಿಯುತ್ತದೆ. ನಾಲ್ಕು ಇಂಚು ಚೌಕದ ಕಂಬಗಳನ್ನು ತೂಗುಗುಂಡು ಹಿಡಿದು ನೆಟ್ಟಗೆ ನಿಲ್ಲಿಸಬೇಕು. ನೆಲ ಏರುಪೇರಾಗಿದ್ದರೂ ಕಂಬದ ತಲೆಗಳು ಒಂದೇ ಮಟ್ಟದಲ್ಲಿರಬೇಕು. ನೀರು ತುಂಬಿದ ಪಾರದರ್ಶಕ ಕೊಳವೆಯಿಂದ ಗುರುತು ಮಾಡಿ ಕತ್ತರಿಸಿದರೆ ತಪ್ಪುವುದಿಲ್ಲ. ಎರಡು ಇಂಚಿಗೆ ಆರು ಇಂಚಿನ ಎರಡು ತೊಲೆಗಳು ಉತ್ತರ–ದಕ್ಷಿಣವಾಗಿ ಕಂಬಗಳ ತಲೆಯಲ್ಲಿ ಕಡಿದ ಕಚ್ಚಿನೊಳಗೆ ಕೂರುತ್ತವೆ. ಕಚ್ಚು ಕಡಿಯದೆ ಬರೀ ಬೋಲ್ಟಿನ ಮೇಲೆ ತೊಲೆ ನೇತುಹಾಕಿದರೆ ಇಡೀ ಭಾರ ಅರ್ಧ ಇಂಚಿನ ಕಬ್ಬಿಣದ ಮೇಲೆ ಬೀಳುತ್ತದೆ. ಹಳ್ಳಿಯ ಚಪ್ಪರದಲ್ಲಿ ಈ ಕೆಲಸವನ್ನು ಕವಲೊಡೆದ ಕಂಬ ಮಾಡುತ್ತದೆ; ಕವೆಯಲ್ಲಿ ಗಳ ಕೂರಿಸಿ ಹಗ್ಗ ಸುತ್ತಿದರೆ ಮುಗಿಯಿತು. ತೊಲೆಯ ಮೇಲೆ ಪೂರ್ವ–ಪಶ್ಚಿಮವಾಗಿ ಎರಡಡಿಗೊಂದರಂತೆ ಹನ್ನೆರಡು ಅಡಿ ಉದ್ದದ ಆರು ಜಂತೆಗಳು. ಅವುಗಳ ಮೇಲೆ ಉತ್ತರ–ದಕ್ಷಿಣವಾಗಿ ಹತ್ತು ಅಡಿಯ ಪಟ್ಟಿಗಳು. ಇಂಚು ದಪ್ಪದ ಪಟ್ಟಿಗೆ ಮೂರು ಇಂಚು ಸಂದಿ ಬಿಟ್ಟರೆ 37 ಪಟ್ಟಿ ಬೇಕಾಗುತ್ತದೆ. ಸಂದಿಯನ್ನು ಪ್ರತಿಸಲ ಅಳೆಯುವ ಬದಲು ಮೂರು ಇಂಚು ಅಗಲದ ಮರದ ತುಂಡನ್ನು ನಡುವೆ ಇಟ್ಟು ಮೊಳೆ ಹೊಡೆಯುತ್ತ ಹೋಗುವುದು ಬಡಗಿಗಳ ರೂಢಿ. ಕಂಬಕ್ಕೂ ಅದರ ಮೇಲಿನ ತೊಲೆ, ಜಂತೆಗಳಿಗೂ ನಡುವೆ ಎರಡಡಿ ಉದ್ದದ ಓರೆ ಆಸರೆಗಳನ್ನು ಎರಡೂ ದಿಕ್ಕಿಗೆ ಕೊಡಬೇಕು. ಅವಿಲ್ಲದ ಚಪ್ಪರ ಮೊದಲ ಗಾಳಿಗೇ ಓಲಾಡುತ್ತದೆ.

ಹೊದಿಕೆಯಲ್ಲಿ ಸೋಗೆಯೂ ಹೆಣೆದ ತೆಂಗಿನ ಗರಿಯೂ ತಂಪಿನಲ್ಲಿ ಮೊದಲ ಸಾಲಿನವು. ಫೆಬ್ರುವರಿಯಲ್ಲಿ ಹೊದೆಸಿ ಮಳೆಗೆ ಮುಂಚೆ ತೆಗೆಯಬೇಕು. ಸಮತಟ್ಟಾದ ಚಪ್ಪರದ ಮೇಲೆ ನೆನೆದ ಸೋಗೆ ನೀರು ಬಸಿಯದೆ ಕೊಳೆತು, ಕೆಳಗಿನ ಪಟ್ಟಿಯನ್ನೂ ಕೆಡಿಸುತ್ತದೆ. ಹಸಿರು ನೆರಳುಬಲೆ ಸುಲಭ, ಅಗ್ಗ. ಶೇಕಡಾ 50, 75 ಎಂದು ಅದರ ಮೇಲೆ ನಮೂದಾಗಿರುವುದು ಎಷ್ಟು ಬೆಳಕು ತಡೆಯುತ್ತದೆ ಎಂಬುದನ್ನು. ಕೂರುವ ಜಾಗಕ್ಕೆ 75ರದ್ದು ಬೇಕು, ಬಲೆಯ ಕೆಳಗೆ ಗಿಡ ಬೆಳೆಸುವವರಿಗೆ 50ರದ್ದು ಸಾಕು. ಅದರ ಅಡಿಯಲ್ಲಿ ಎಲ್ಲರ ಮುಖವೂ ಹಸಿರಾಗಿ ಕಾಣುವುದನ್ನು ಸಹಿಸಿಕೊಳ್ಳಬೇಕಷ್ಟೆ.

ಎಲ್ಲಕ್ಕಿಂತ ಒಳ್ಳೆಯ ಹೊದಿಕೆ ಬಳ್ಳಿ. ಎಲೆ ನೀರಾವಿಯನ್ನು ಬಿಡುತ್ತ ತನ್ನನ್ನು ತಾನೇ ತಂಪಾಗಿಟ್ಟುಕೊಳ್ಳುತ್ತದೆ. ತಗಡಿನಂತೆ ಕಾದು ಕೆಳಗೆ ಶಾಖ ಬೀರುವುದಿಲ್ಲ. ಆದರೆ ಬಳ್ಳಿಯ ಕಾಲವೂ ನೆರಳು ಬೇಕಾದ ಕಾಲವೂ ಹೊಂದಬೇಕು. ಚಪ್ಪರದವರೆ ಹೆಸರಿಗೆ ತಕ್ಕಂತೆ ಚೆನ್ನಾಗಿ ಹಬ್ಬುತ್ತದೆ, ಮಳೆಗಾಲದಲ್ಲಿ ಬಿತ್ತಿದರೆ ಚಳಿಗಾಲಕ್ಕೆ ಕಾಯಿ ಕೊಡುತ್ತದೆ, ಬೇಸಗೆ ಬರುವಷ್ಟರಲ್ಲಿ ಒಣಗಿರುತ್ತದೆ. ಅಡುಗೆಮನೆಗೆ ಲಾಭ, ನೆರಳಿಗೆ ಅಲ್ಲ. ಏಪ್ರಿಲ್‌ಗೆ ನೆರಳು ಬೇಕೆಂದರೆ ಜನವರಿಯಲ್ಲೇ ಹೀರೆ, ಸೋರೆ, ಪಡವಲ ಬಿತ್ತಿ ನೀರುಣಿಸಬೇಕು. ಪಡವಲದ ಕಾಯಿ ಸಂದಿಯಿಂದ ನೇರ ಕೆಳಗಿಳಿಯುವುದರಿಂದ ಚಪ್ಪರಕ್ಕೆ ಹೇಳಿ ಮಾಡಿಸಿದ್ದು. ಬೂದುಗುಂಬಳವನ್ನು ಏರಿಸುವವರು ಒಂದೊಂದು ಕಾಯಿಗೂ ಹಗ್ಗದ ಸಿಂಬಿ ಕಟ್ಟಿ ಭಾರವನ್ನು ಜಂತೆಗೆ ವರ್ಗಾಯಿಸಬೇಕು. ಬಸಳೆ ನೀರು ಕಂಡರೆ ವರ್ಷವಿಡೀ ಹಸಿರು, ಕೊಯ್ದಷ್ಟೂ ಚಿಗುರುತ್ತದೆ. ಕೊಯ್ಯುತ್ತಲೇ ಇದ್ದರೆ ನೆರಳು ತೆಳುವಾಗುತ್ತದೆ ಎಂಬುದೂ ನಿಜ.

ವರ್ಷಗಟ್ಟಲೆ ಇರುವ ಬಳ್ಳಿಗಳಲ್ಲಿ ಪ್ಯಾಶನ್ ಫ್ರೂಟ್ ಬೇಗ ಮುಚ್ಚುತ್ತದೆ, ಶರಬತ್ತಿಗೂ ಆಗುತ್ತದೆ. ರಂಗೂನ್ ಮಲ್ಲಿಗೆ ಗಟ್ಟಿ ಬಳ್ಳಿ, ಸಂಜೆ ಬಿಳಿಯಾಗಿ ಅರಳಿ ಕೆಂಪಿಗೆ ತಿರುಗುವ ಹೂಗೊಂಚಲು, ಪರಿಮಳ. ಕಾಗದದ ಹೂವಿನ ಮುಳ್ಳು ಕೆಳಗೆ ಓಡಾಡುವವರ ತಲೆಗೆ ತಾಗುತ್ತದೆ. ಬೇಲಿಗೆ ಲಾಯಕ್ಕು, ಚಪ್ಪರಕ್ಕಲ್ಲ. ಥನ್‌ಬರ್ಜಿಯಾ ಮೈಸೊರೆನ್ಸಿಸ್ ಎಂದು ಮೈಸೂರಿನ ಹೆಸರನ್ನೇ ಹೊತ್ತ ಪಶ್ಚಿಮಘಟ್ಟದ ಬಳ್ಳಿಯೊಂದಿದೆ. ಅದರ ಕೆಂಪು–ಹಳದಿ ಹೂಮಾಲೆಗಳು ಮೊಳಕ್ಕೂ ಮಿಕ್ಕಿ ಉದ್ದವಾಗಿ ನೇತಾಡುತ್ತವೆ, ಸೂರಕ್ಕಿಗಳು ಮಕರಂದಕ್ಕೆ ಬರುತ್ತವೆ. ಹೂವು ಕೆಳಗಿಳಿಯುವ ಬಳ್ಳಿಯಾದ್ದರಿಂದ ಅದರ ಚೆಂದ ಕಾಣುವುದು ಚಪ್ಪರದ ಕೆಳಗೆ ನಿಂತವರಿಗೇ. ಹೊರದೇಶದ ಗಾಜಿನಮನೆಗಳಲ್ಲಿ ಅಕ್ಕರೆಯಿಂದ ಬೆಳೆಸುವ ಇದು ನಮ್ಮ ಹಿತ್ತಲುಗಳಲ್ಲಿ ಅಪರೂಪವಾಗಿರುವುದು ವಿಚಿತ್ರ. ಬಯಲುಸೀಮೆಯ ಒಣ ಬಿಸಿಲಿಗಿಂತ ಮಲೆನಾಡಿನ ತೇವ ಇದಕ್ಕೆ ಒಗ್ಗುತ್ತದೆ. ಬೆಂಗಳೂರು ಸುತ್ತಮುತ್ತ ದ್ರಾಕ್ಷಿಯನ್ನೇ ಹಬ್ಬಿಸಬಹುದು. ಭೌಗೋಳಿಕ ಸೂಚಿಕೆ ಪಡೆದ ಬೆಂಗಳೂರು ನೀಲಿ ತಳಿ ಇಲ್ಲಿನ ಹವೆಗೆ ಪಳಗಿದೆ. ಕ್ರಮವಾಗಿ ಸವರದಿದ್ದರೆ ಮಾತ್ರ ಎಲೆಯಷ್ಟೇ ಸಿಕ್ಕೀತು.

ಬಳ್ಳಿಯನ್ನು ಕಂಬಕ್ಕೆ ಒತ್ತಿ ನೆಡದೆ ಒಂದಡಿ ದೂರ ನೆಟ್ಟು, ದಾರ ಕಟ್ಟಿ ಮೇಲಕ್ಕೆ ಹತ್ತಿಸಬೇಕು. ಇಲ್ಲದಿದ್ದರೆ ದಿನವೂ ಹಾಕುವ ನೀರು ಕಂಬದ ಬುಡಕ್ಕೇ ಹೋಗುತ್ತದೆ.

ತಾರಸಿಯ ಮೇಲೆ ಚಪ್ಪರ ಹಾಕುವವರು ನೆಲ ಕೊರೆಯಬಾರದು. ಒಂದು ಬೋಲ್ಟಿನ ತೂತು ಸಾಕು, ಮುಂದಿನ ಮಳೆಗೆ ಕೆಳಗಿನ ಕೋಣೆ ಸೋರಲು. ಕಂಬಗಳನ್ನು ಕಾಂಕ್ರೀಟು ತುಂಬಿದ ಡ್ರಮ್ಮುಗಳಲ್ಲಿ ನಿಲ್ಲಿಸಿ, ಡ್ರಮ್ಮುಗಳನ್ನು ಕೆಳಗೆ ಗೋಡೆ ಅಥವಾ ತೊಲೆ ಇರುವ ಸಾಲಿನಲ್ಲೇ ಇಡಬೇಕು. ಅಲ್ಲಿ ಗಾಳಿ ನೆಲಕ್ಕಿಂತ ಜೋರು. ನೆರಳುಬಲೆಯನ್ನು ಒಂದೆಳೆತಕ್ಕೆ ಬಿಚ್ಚುವಂಥ ಗಂಟು ಹಾಕಿಟ್ಟರೆ ಮೋಡ ಕಟ್ಟಿದಾಗ ತೆಗೆದು ಸುತ್ತಿಡಬಹುದು.

ಕಟ್ಟಿದ ಮೇಲಿನ ಆರೈಕೆ ಹೆಚ್ಚೇನಿಲ್ಲ. ಮೇ ತಿಂಗಳಲ್ಲಿ, ಗುಡುಗು ಮಳೆ ಬಲಿಯುವ ಮೊದಲು, ಬೋಲ್ಟುಗಳನ್ನು ಒಂದು ಸುತ್ತು ಬಿಗಿದು, ಒಣ ಬಳ್ಳಿ ಸವರಿ ಭಾರ ಇಳಿಸಬೇಕು. ಮಳೆಯಲ್ಲಿ ನೆನೆದ ದಟ್ಟ ಬಳ್ಳಿಯ ತೂಕಕ್ಕೆ ಗಾಳಿಯೂ ಸೇರಿದಾಗಲೇ ಜಂತೆ ಮುರಿಯುವುದು. ಮಳೆಗಾಲ ಕಳೆದು ಮರ ಪೂರ್ತಿ ಒಣಗಿದ ಮೇಲೆ, ನವೆಂಬರಿನಲ್ಲಿ, ಕಂಬ–ತೊಲೆಗಳಿಗೆ ಎಣ್ಣೆ ಬಳಿಯಬೇಕು. ಹಸಿ ಮರ ಎಣ್ಣೆ ಹೀರುವುದಿಲ್ಲ. ಪಟ್ಟಿಗಳ ತುದಿಗಳಿಗೆ ಎರಡು ಸಲ ಬಳಿಯುವುದು ಒಳ್ಳೆಯದು, ಮರ ನೀರು ಕುಡಿಯುವುದು ಕೊಯ್ದ ತುದಿಯಿಂದಲೇ. ಹಗ್ಗದಿಂದ ಕಟ್ಟಿದ ಬಿದಿರು ಚಪ್ಪರವಾದರೆ ಕಟ್ಟುಗಳನ್ನು ವರ್ಷಕ್ಕೊಮ್ಮೆ ಹೊಸದಾಗಿ ಹಾಕಬೇಕು, ಎಲ್ಲವನ್ನೂ ಒಟ್ಟಿಗೆ ಬಿಚ್ಚದೆ, ಒಂದು ಮೂಲೆಯದು ಬಿಗಿದ ಮೇಲೆ ಇನ್ನೊಂದನ್ನು.